ಪರದೇಶದ ಅಂತರ್ಯುದ್ಧಕ್ಕೆ ಸೇನೆ: ಹೋಗುವ ದಾರಿ, ಬರುವ ದಾರಿ

2011ರ ಮಾರ್ಚ್ 17ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸಭೆ ಸೇರಿತ್ತು. ಅದೇ ಹೊತ್ತಿಗೆ ಲಿಬಿಯಾದಲ್ಲಿ ಮುವಮ್ಮರ್ ಗಡಾಫಿಯ ಪಡೆಗಳು ಬಂಡುಕೋರರ ಕೈಯಲ್ಲಿದ್ದ ಬೆಂಗಾಜಿ ನಗರದತ್ತ ಸಾಗುತ್ತಿದ್ದವು. 1973ನೇ ನಿರ್ಣಯ ಮತಕ್ಕೆ ಬಂದಾಗ 15 ಸದಸ್ಯರಲ್ಲಿ 10 ದೇಶಗಳು ಕೈ ಎತ್ತಿದವು. ರಷ್ಯಾ, ಚೀನಾ, ಜರ್ಮನಿ, ಬ್ರೆಜಿಲ್ ಮತ್ತು ಭಾರತ ತಟಸ್ಥವಾಗಿ ಉಳಿದವು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಫ್ರಾನ್ಸಿನ ಯುದ್ಧವಿಮಾನಗಳು ಬೆಂಗಾಜಿಯ ಹೊರವಲಯದಲ್ಲಿ ಗಡಾಫಿಯ ಸೇನಾವಾಹನಗಳ ಮೇಲೆ ಬಾಂಬ್ ಹಾಕಿದವು. ಏಳು ತಿಂಗಳಲ್ಲಿ ಗಡಾಫಿ ಹತನಾದ. ಲಿಬಿಯಾ ಮಾತ್ರ ಇನ್ನೂ ಒಂದಾಗಿಲ್ಲ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಆಡಳಿತ ಇಟ್ಟುಕೊಂಡೇ ಕುಳಿತಿದೆ.

ಒಂದು ದೇಶದವರು ತಮ್ಮತಮ್ಮಲ್ಲೇ ಬಡಿದಾಡುತ್ತಿರುವಾಗ ಹೊರಗಿನವರು ಶಸ್ತ್ರ ಹಿಡಿದು ನಡುವೆ ಹೋಗಬಹುದೇ? ಹೋಗದೆ ಕೈಕಟ್ಟಿ ಕುಳಿತರೆ ಸಾಯುವವರ ಹೊಣೆ ಯಾರದು? ರುವಾಂಡಾ, ಕೊಸೊವೊ, ಲಿಬಿಯಾ, ಸಿರಿಯಾ, ಯೆಮೆನ್, ಸುಡಾನ್, ಹೀಗೆ ಹೆಸರುಗಳು ಬದಲಾದರೂ ವಾದ ಹೆಚ್ಚುಕಡಿಮೆ ಅದೇ. ಟಿವಿ ಚರ್ಚೆಗಳಲ್ಲಿ ಇದು ದಯೆ ಮತ್ತು ಸ್ವಾರ್ಥದ ಜಗಳವಾಗಿ ಕಾಣುತ್ತದೆ. ಅದರ ಹಿಂದೆ ಕಾನೂನಿನ ಲೆಕ್ಕವಿದೆ, ಮತಗಳ ಲೆಕ್ಕವಿದೆ, ವಿಮಾನ–ಕ್ಷಿಪಣಿಗಳ ಲೆಕ್ಕವಿದೆ. ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು ಯುದ್ಧ ಮುಗಿದ ಮಾರನೆಯ ದಿನದ ಲೆಕ್ಕ. ಅದನ್ನು ಬಿಟ್ಟು ಮಾಡಿದ ಕೂಡುವಿಕೆ ಎಲ್ಲೂ ಸರಿಹೋಗಿಲ್ಲ.

ಕಾನೂನು ತೆರೆದಿಟ್ಟಿರುವ ಬಾಗಿಲುಗಳು

1945ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸನ್ನದು ಮೂಲ ನಿಯಮವನ್ನು ಕಟ್ಟುನಿಟ್ಟಾಗಿಯೇ ಹೇಳಿದೆ. ಇನ್ನೊಂದು ದೇಶದ ಮೇಲೆ ಬಲಪ್ರಯೋಗ ಮಾಡುವಂತಿಲ್ಲ, ಮಾಡುತ್ತೇನೆಂದು ಬೆದರಿಸುವಂತೆಯೂ ಇಲ್ಲ ಎನ್ನುತ್ತದೆ 2(4)ನೇ ವಿಧಿ. ಒಂದು ದೇಶದ ಆಂತರಿಕ ವ್ಯವಹಾರದಲ್ಲಿ ವಿಶ್ವಸಂಸ್ಥೆಯೇ ತಲೆಹಾಕಬಾರದು ಎನ್ನುತ್ತದೆ 2(7)ನೇ ವಿಧಿ. ಅಂತರ್ಯುದ್ಧವೆಂಬುದು ಹೆಸರೇ ಹೇಳುವಂತೆ ಮನೆಯೊಳಗಿನ ವಿಷಯ. ಹಾಗಾಗಿ ಸಾಮಾನ್ಯ ನಿಯಮದ ಪ್ರಕಾರ ಹೊರಗಿನವರು ಹೊರಗೇ ಇರಬೇಕು. ಇದಕ್ಕೆ ಮೂರು ವಿನಾಯಿತಿಗಳಿವೆ.

ಮೊದಲನೆಯದು ಭದ್ರತಾ ಮಂಡಳಿಯ ಅನುಮತಿ. ಸನ್ನದಿನ 7ನೇ ಅಧ್ಯಾಯ ಇದಕ್ಕೆ ಮೀಸಲು. ಅಂತರರಾಷ್ಟ್ರೀಯ ಶಾಂತಿಗೆ ಅಪಾಯ ಬಂದಿದೆಯೇ ಎಂದು ಮಂಡಳಿ ಮೊದಲು ತೀರ್ಮಾನಿಸಬೇಕು (39ನೇ ವಿಧಿ). ಬಳಿಕ ಆರ್ಥಿಕ ನಿರ್ಬಂಧದಂಥ ಕ್ರಮ ಕೈಗೊಳ್ಳಬಹುದು (41). ಅದು ಸಾಲದೆಂದು ಕಂಡರೆ ಸೇನಾಬಲಕ್ಕೆ ಅನುಮತಿ ಕೊಡಬಹುದು (42). ಇದಕ್ಕೆ 15ರಲ್ಲಿ ಕನಿಷ್ಠ 9 ಮತ ಬೇಕು. ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದರಲ್ಲಿ ಒಂದೂ ವಿರುದ್ಧ ಮತ ಹಾಕಬಾರದು. ತಟಸ್ಥವಾಗಿ ಉಳಿದರೆ ಅದು ವಿಟೊ ಆಗುವುದಿಲ್ಲ. ಲಿಬಿಯಾ ನಿರ್ಣಯ ಪಾಸಾದದ್ದು ರಷ್ಯಾ, ಚೀನಾಗಳ ಈ ಮೌನದಿಂದಲೇ. ಇನ್ನೊಂದು ಮಾತು: ವಿಶ್ವಸಂಸ್ಥೆಗೆ ಸ್ವಂತ ಸೇನೆ ಇಲ್ಲ. ಅದು ಪರವಾನಗಿ ಕೊಡುತ್ತದೆ. ಮನಸ್ಸಿದ್ದವರು, ಸಾಮರ್ಥ್ಯವಿದ್ದವರು ಅದನ್ನು ಹಿಡಿದು ಹೊರಡುತ್ತಾರೆ. ಹೊರಟವರು ಪರವಾನಗಿಯ ಗೆರೆ ದಾಟಿದರೆ ಹಿಡಿದು ನಿಲ್ಲಿಸುವ ಪೊಲೀಸರಿಲ್ಲ.

ಎರಡನೆಯದು ಆಹ್ವಾನ. ಮಾನ್ಯತೆ ಪಡೆದ ಸರ್ಕಾರವೇ ಕರೆದರೆ ವಿದೇಶಿ ಸೇನೆ ಬರಬಹುದು. 2013ರ ಜನವರಿಯಲ್ಲಿ ಮಾಲಿ ಕರೆದಾಗ ಫ್ರಾನ್ಸ್ ಹೋಯಿತು. 2015ರ ಸೆಪ್ಟೆಂಬರ್ 30ರಂದು ಸಿರಿಯಾದಲ್ಲಿ ರಷ್ಯಾದ ವಾಯುದಾಳಿ ಶುರುವಾದದ್ದು ಬಶರ್ ಅಲ್ ಅಸಾದ್ ಸರ್ಕಾರದ ಕೋರಿಕೆಯ ಮೇಲೆ. ಇಲ್ಲಿ ತೊಡಕಾಗುವುದು ಕರೆಯುವ ಹಕ್ಕು ಯಾರಿಗಿದೆ ಎಂಬಲ್ಲಿ. ಯೆಮೆನ್ ಅಧ್ಯಕ್ಷ ಹಾದಿ ರಾಜಧಾನಿ ಸನಾ ಕಳೆದುಕೊಂಡು, ಏಡನ್‌ನಿಂದಲೂ ಕಾಲ್ತೆಗೆಯಬೇಕಾಗಿ ಬಂದ ಹೊತ್ತಿನಲ್ಲಿ ಸೌದಿ ಅರೇಬಿಯಾದ ನೆರವು ಕೇಳಿದರು. ಅದರ ಆಧಾರದ ಮೇಲೆ 2015ರ ಮಾರ್ಚ್ 26ರಿಂದ ಬಾಂಬ್ ದಾಳಿ ನಡೆಯಿತು. ನೆಲ ಕೈಯಲ್ಲಿಲ್ಲದ ಸರ್ಕಾರದ ಸಹಿಗೆ ಎಷ್ಟು ಬೆಲೆ ಎಂಬ ಬಗ್ಗೆ ಕಾನೂನು ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಕರೆದವರು ಎದ್ದು ಹೋಗಿ ಎಂದು ಹೇಳಲೂಬಹುದು. ಮಾಲಿಯಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಸಂಬಂಧ ಹಳಸಿ, 2022ರ ಆಗಸ್ಟ್‌ನಲ್ಲಿ ಫ್ರೆಂಚ್ ಸೈನಿಕರು ಗಂಟುಮೂಟೆ ಕಟ್ಟಿದರು. ಅವರ ಜಾಗಕ್ಕೆ ರಷ್ಯಾದ ವಾಗ್ನರ್ ಪಡೆಯ ಬಾಡಿಗೆ ಸೈನಿಕರು ಬಂದಿದ್ದರು.

ಮೂರನೆಯದು ಆತ್ಮರಕ್ಷಣೆ, ಅಂದರೆ 51ನೇ ವಿಧಿ. 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸಿರಿಯಾದ ನೆಲದಲ್ಲಿ ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರರ ಮೇಲೆ ದಾಳಿ ಮಾಡಿದಾಗ ಸಿರಿಯಾ ಕರೆದಿರಲಿಲ್ಲ, ಮಂಡಳಿಯೂ ಅನುಮತಿ ಕೊಟ್ಟಿರಲಿಲ್ಲ. ನೆರೆಯ ಇರಾಕ್ ಮೇಲೆ ಸಿರಿಯಾದಿಂದ ದಾಳಿಯಾಗುತ್ತಿದೆ, ಅದನ್ನು ತಡೆಯುವ ಶಕ್ತಿಯೂ ಮನಸ್ಸೂ ಸಿರಿಯಾಕ್ಕೆ ಇಲ್ಲ, ಹಾಗಾಗಿ ಇರಾಕಿನ ರಕ್ಷಣೆಗಾಗಿ ಹೋಗುತ್ತಿದ್ದೇವೆ ಎಂಬುದು ಅಮೆರಿಕದ ವಾದ. ಈ ವಾದವನ್ನು ಒಪ್ಪುವ ದೇಶಗಳಿವೆ, ಒಪ್ಪದ ದೇಶಗಳೂ ಇವೆ.

ಈ ಮೂರೂ ಬಾಗಿಲು ಮುಚ್ಚಿದ್ದರೂ ನುಗ್ಗಿದ ಉದಾಹರಣೆ ಕೊಸೊವೊ. ಅಲ್ಬೇನಿಯನ್ನರ ಮೇಲೆ ಸರ್ಬಿಯಾ ನಡೆಸುತ್ತಿದ್ದ ದೌರ್ಜನ್ಯ ತಡೆಯಲು ನ್ಯಾಟೊ 1999ರ ಮಾರ್ಚ್ 24ರಿಂದ 78 ದಿನ ಯುಗೊಸ್ಲಾವಿಯಾದ ಮೇಲೆ ಬಾಂಬ್ ಹಾಕಿತು. ರಷ್ಯಾ ವಿಟೊ ಹಾಕುವುದು ಖಚಿತವಿದ್ದ ಕಾರಣ ಮಂಡಳಿಯ ಅನುಮತಿಯನ್ನೇ ಕೇಳಲಿಲ್ಲ. ಬಾಂಬ್ ದಾಳಿ ನಿಲ್ಲಿಸಬೇಕೆಂದು ರಷ್ಯಾ ತಂದ ಕರಡು ನಿರ್ಣಯಕ್ಕೆ, ಆಗ ಮಂಡಳಿಯ ಸದಸ್ಯನಲ್ಲದಿದ್ದರೂ ಭಾರತ ಸಹಪ್ರಾಯೋಜಕನಾಗಿತ್ತು; ಅದು 3–12 ಮತಗಳಿಂದ ಸೋತಿತು. ಬಳಿಕ ಕುಳಿತ ಸ್ವತಂತ್ರ ಅಂತರರಾಷ್ಟ್ರೀಯ ಆಯೋಗ, ಈ ಕಾರ್ಯಾಚರಣೆ ಕಾನೂನುಬಾಹಿರ, ಆದರೆ ನ್ಯಾಯಸಮ್ಮತ ಎಂಬ ವಿಚಿತ್ರ ತೀರ್ಪು ಕೊಟ್ಟಿತು. ಇಡೀ ಚರ್ಚೆಯ ಇಕ್ಕಟ್ಟು ಆ ಒಂದು ತೀರ್ಪಿನಲ್ಲಿದೆ.

ಹಿತ್ತಲ ಬಾಗಿಲು

ಸೇನೆಯನ್ನೇ ಕಳಿಸಬೇಕೆಂದಿಲ್ಲ. ದುಡ್ಡು, ಬಂದೂಕು, ಡ್ರೋನು, ತರಬೇತಿ ಕೊಟ್ಟು ದೂರದಿಂದಲೇ ಯುದ್ಧ ನಡೆಸಬಹುದು. ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ಹೀಗೆ ನೆರವು ಕೊಟ್ಟಾಗ ನಿಕರಾಗುವಾ ದಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 1986ರ ಜೂನ್ 27ರ ತೀರ್ಪು ಇಂದಿಗೂ ಅಳತೆಗೋಲಾಗಿ ಉಳಿದಿದೆ. ಬಂಡುಕೋರರಿಗೆ ಶಸ್ತ್ರ ಮತ್ತು ತರಬೇತಿ ಕೊಡುವುದು ಬಲಪ್ರಯೋಗಕ್ಕೆ ಸಮ. ಬರೀ ಹಣ ಕೊಡುವುದು ಅಷ್ಟರಮಟ್ಟಿನ ತಪ್ಪಲ್ಲದಿದ್ದರೂ ಆಂತರಿಕ ವ್ಯವಹಾರದಲ್ಲಿ ಮೂಗು ತೂರಿಸಿದಂತೆಯೇ. ಸರ್ಕಾರ ಕರೆದರೆ ಹೋಗಬಹುದು, ವಿರೋಧಿ ಗುಂಪು ಕರೆದರೆ ಹೋಗುವಂತಿಲ್ಲ. ತೀರ್ಪಿನ ತಿರುಳು ಇದು. ಅಮೆರಿಕ ಅದನ್ನು ಒಪ್ಪಲಿಲ್ಲ, ಜಾರಿ ಮಾಡಿಸುವವರೂ ಇರಲಿಲ್ಲ.

ಹಿತ್ತಲ ಬಾಗಿಲಿನಿಂದ ಹೋದವರನ್ನು ಹಿಡಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಸುಡಾನ್ ಹೊಸ ಉದಾಹರಣೆ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸೇನೆ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾಯಿತು. ಆರ್‌ಎಸ್‌ಎಫ್‌ಗೆ ಸಂಯುಕ್ತ ಅರಬ್ ಎಮಿರೇಟ್ಸ್ ಶಸ್ತ್ರ ಪೂರೈಸುತ್ತಿದೆ ಎಂದು ಸುಡಾನ್ ಆರೋಪಿಸಿತು, ಎಮಿರೇಟ್ಸ್ ನಿರಾಕರಿಸಿತು. ಸುಡಾನ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ, ಈ ಪ್ರಕರಣ ತನ್ನ ವ್ಯಾಪ್ತಿಗೇ ಬರುವುದಿಲ್ಲವೆಂದು ನ್ಯಾಯಾಲಯ 2025ರ ಮೇ 5ರಂದು ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಯ ಹಂತಕ್ಕೆ ಮೊಕದ್ದಮೆ ತಲುಪಲೇ ಇಲ್ಲ. ಈ ಯುದ್ಧದ ಬಿಸಿ ಕರ್ನಾಟಕಕ್ಕೂ ತಟ್ಟಿತ್ತು. ಗಿಡಮೂಲಿಕೆ ಔಷಧಿ ಮಾರಲು ಸುಡಾನಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಭಾರತ 3,800ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿಂದ ಕರೆತಂದಿತು.

ಹೋಗಲೇಬೇಕು ಎನ್ನುವವರ ಬಲವಾದ ಸಾಕ್ಷಿ

ಇಷ್ಟೆಲ್ಲ ಅಪಾಯವಿದ್ದರೂ ಮಧ್ಯಪ್ರವೇಶದ ಪರ ವಾದಿಸುವವರು ಮೂರ್ಖರಲ್ಲ. ಅವರ ಕೈಯಲ್ಲಿ ಎರಡು ಹೆಸರುಗಳಿವೆ: ರುವಾಂಡಾ, ಸ್ರೆಬ್ರೆನಿತ್ಸಾ.

1993ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 18 ಅಮೆರಿಕನ್ ಸೈನಿಕರು ಸತ್ತರು. ಆ ಬಳಿಕ ಆಫ್ರಿಕಾದ ಯಾವ ಜಗಳಕ್ಕೂ ಸೈನಿಕರನ್ನು ಕಳಿಸಲು ವಾಷಿಂಗ್ಟನ್‌ಗೆ ಮನಸ್ಸಿರಲಿಲ್ಲ. ಆರೇ ತಿಂಗಳಲ್ಲಿ ರುವಾಂಡಾದಲ್ಲಿ ಟುಟ್ಸಿಗಳ ನರಮೇಧ ಆರಂಭವಾಯಿತು. ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕ, ಕೆನಡಾದ ರೋಮಿಯೊ ಡಲ್ಲೇರ್, ಹೆಚ್ಚು ಸೈನಿಕರನ್ನು ಕೊಡಿ ಎಂದು ಬೇಡುತ್ತಿದ್ದರು. ಭದ್ರತಾ ಮಂಡಳಿ ಏಪ್ರಿಲ್ 21ರಂದು ಇದ್ದ ಸುಮಾರು 2,500 ಮಂದಿಯ ಪಡೆಯನ್ನೇ 270ಕ್ಕೆ ಇಳಿಸಲು ತೀರ್ಮಾನಿಸಿತು. ಸುಮಾರು 100 ದಿನಗಳಲ್ಲಿ ಸತ್ತವರು ಎಂಟು ಲಕ್ಷದಷ್ಟು. ಬೋಸ್ನಿಯಾದ ಸ್ರೆಬ್ರೆನಿತ್ಸಾವನ್ನು ವಿಶ್ವಸಂಸ್ಥೆಯೇ ಸುರಕ್ಷಿತ ವಲಯವೆಂದು ಘೋಷಿಸಿತ್ತು, ಡಚ್ ಸೈನಿಕರು ಕಾವಲಿಗಿದ್ದರು. ರುವಾಂಡಾದ ಮರುವರ್ಷ, 1995ರ ಜುಲೈನಲ್ಲಿ, ಅವರು ನೋಡುತ್ತಿರುವಂತೆಯೇ ಸರ್ಬ್ ಪಡೆಗಳು ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಿ ಕೊಂಡೊಯ್ದವು. ಕೊಲೆಯಾದವರು ಸುಮಾರು 8,000.

ಈ ಎರಡು ಗಾಯಗಳಿಂದ ಹುಟ್ಟಿದ್ದೇ ‘ರಕ್ಷಿಸುವ ಹೊಣೆ’ ಎಂಬ ತತ್ವ. ಕೆನಡಾ ರಚಿಸಿದ ಆಯೋಗ 2001ರಲ್ಲಿ ಇದನ್ನು ಮುಂದಿಟ್ಟಿತು. 2005ರ ವಿಶ್ವಸಂಸ್ಥೆಯ ಶೃಂಗಸಭೆ ಒಪ್ಪಿತು. ತನ್ನ ಪ್ರಜೆಗಳನ್ನು ಕಾಪಾಡುವುದು ಆಯಾ ದೇಶದ ಮೊದಲ ಹೊಣೆ. ನರಮೇಧ, ಯುದ್ಧಾಪರಾಧ, ಜನಾಂಗೀಯ ನಿರ್ಮೂಲನೆ, ಮಾನವತೆಯ ವಿರುದ್ಧದ ಅಪರಾಧ ಈ ನಾಲ್ಕರಿಂದ ಜನರನ್ನು ಕಾಪಾಡಲು ಅದು ಕೈಚೆಲ್ಲಿದರೆ, ಲೋಕಸಮುದಾಯ ಮುಂದೆ ಬರಬೇಕು. ಆದರೆ ಭದ್ರತಾ ಮಂಡಳಿಯ ಮೂಲಕವೇ ಬರಬೇಕು. ಹೀಗಾಗಿ ಇದು ಹೊಸ ಬಾಗಿಲನ್ನೇನೂ ತೆರೆಯಲಿಲ್ಲ. ಮೊದಲನೇ ಬಾಗಿಲನ್ನು ತಟ್ಟುವುದಕ್ಕೆ ನೈತಿಕ ಬಲ ಕೊಟ್ಟಿತು. ಆ ತತ್ವದ ದೊಡ್ಡ ಪರೀಕ್ಷೆ ನಡೆದದ್ದು ಲಿಬಿಯಾದಲ್ಲಿ.

ಲಿಬಿಯಾ: ಪರವಾನಗಿ ಒಂದಕ್ಕೆ, ಕೆಲಸ ಇನ್ನೊಂದು

2011ರ ಫೆಬ್ರುವರಿಯಲ್ಲಿ ಬೆಂಗಾಜಿಯಲ್ಲಿ ಶುರುವಾದ ಪ್ರತಿಭಟನೆ ಕೆಲವೇ ದಿನಗಳಲ್ಲಿ ದಂಗೆಯಾಯಿತು. ಮನೆಮನೆ, ಗಲ್ಲಿಗಲ್ಲಿ ಹುಡುಕಿ ದಂಗೆಕೋರರನ್ನು ಮುಗಿಸುತ್ತೇನೆಂದು ಗಡಾಫಿ ಟಿವಿಯಲ್ಲೇ ಗುಡುಗಿದ. ಫೆಬ್ರುವರಿ 26ರಂದು ಮಂಡಳಿ ಸರ್ವಾನುಮತದಿಂದ ಶಸ್ತ್ರ ಮಾರಾಟ ನಿಷೇಧಿಸಿತು, ಪ್ರಕರಣವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಿತು. ಮಾರ್ಚ್ 12ರಂದು ಅರಬ್ ಲೀಗೇ ಹಾರಾಟ ನಿಷೇಧ ವಲಯ ಬೇಕೆಂದು ಕೇಳಿತು. ಅರಬ್ ದೇಶಗಳೇ ಕೇಳಿದ ಮೇಲೆ ರಷ್ಯಾ, ಚೀನಾಗಳಿಗೆ ವಿಟೊ ಹಾಕುವುದು ಕಷ್ಟವಾಯಿತು. 1973ನೇ ನಿರ್ಣಯ ನಾಗರಿಕರ ರಕ್ಷಣೆಗೆ ಅಗತ್ಯವಾದ ಎಲ್ಲ ಕ್ರಮಗಳಿಗೆ ಅನುಮತಿ ಕೊಟ್ಟಿತು. ನೆಲವನ್ನು ಆಕ್ರಮಿಸಿ ಕೂರುವ ಪಡೆಯನ್ನು ಮಾತ್ರ ಕಳಿಸುವಂತಿಲ್ಲ ಎಂದಿತು.

ಹಾರಾಟ ನಿಷೇಧ ವಲಯ ಎಂದೊಡನೆ ಆಕಾಶದಲ್ಲಿ ಎಳೆದ ಗೆರೆಯಂತೆ, ರಕ್ತ ಹರಿಯದ ಉಪಾಯದಂತೆ ಕೇಳಿಸುತ್ತದೆ. ಕೆಲಸ ನಡೆಯುವ ರೀತಿ ಬೇರೆ. ಎದುರಾಳಿಯ ವಿಮಾನ ಮೇಲೇಳದಂತೆ ನಮ್ಮ ವಿಮಾನ ದಿನವಿಡೀ ಗಸ್ತು ತಿರುಗಬೇಕು. ಗಸ್ತಿನ ವಿಮಾನವನ್ನು ನೆಲದಿಂದ ಯಾರೂ ಹೊಡೆಯಬಾರದು. ಹಾಗಾದರೆ ಮೊದಲ ದಿನವೇ ರೇಡಾರ್, ವಿಮಾನ ನಿರೋಧಕ ಕ್ಷಿಪಣಿ ನೆಲೆ, ಸಂಪರ್ಕ ಕೇಂದ್ರ ಎಲ್ಲವನ್ನೂ ಪುಡಿ ಮಾಡಬೇಕು. ಮಾರ್ಚ್ 19ರಂದು ಅಮೆರಿಕ ಮತ್ತು ಬ್ರಿಟನ್ನಿನ ನೌಕೆಗಳಿಂದ 110ಕ್ಕೂ ಹೆಚ್ಚು ಟೊಮಾಹಾಕ್ ಕ್ಷಿಪಣಿಗಳು ಹಾರಿದ್ದು ಇದಕ್ಕೇ. ಅಂದರೆ ಹಾರಾಟ ನಿಷೇಧದ ಮೊದಲ ಹೆಜ್ಜೆಯೇ ಬಾಂಬ್ ದಾಳಿ. ಬಳಿಕ ಯುದ್ಧವಿಮಾನಗಳಿಗೆ ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್ ವಿಮಾನ, ನೂರಾರು ಕಿಲೊಮೀಟರ್ ದೂರ ನೋಡುವ ಅವಾಕ್ಸ್ ವಿಮಾನ, ಗುರಿ ತೋರಿಸುವ ಡ್ರೋನು ಬೇಕು. ಇವು ಹೇರಳವಾಗಿ ಇದ್ದದ್ದು ಅಮೆರಿಕದ ಬಳಿ ಮಾತ್ರ. ಹನ್ನೊಂದು ವಾರ ಕಳೆಯುವಷ್ಟರಲ್ಲಿ ಯುರೋಪಿನ ಹಲವು ಮಿತ್ರರಲ್ಲಿ ಮದ್ದುಗುಂಡು ಮುಗಿಯುತ್ತಾ ಬಂದಿದೆ ಎಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬಹಿರಂಗವಾಗಿಯೇ ಗೊಣಗಿದರು. ಇಂಥ ವಲಯಗಳು ಬೇಗ ಮುಗಿಯುವುದೂ ಇಲ್ಲ. ಕುರ್ದರ ರಕ್ಷಣೆಗೆಂದು 1991ರಲ್ಲಿ ಉತ್ತರ ಇರಾಕಿನಲ್ಲಿ ಶುರುವಾದದ್ದು 2003ರವರೆಗೆ ನಡೆಯಿತು.

ಲಿಬಿಯಾದಲ್ಲಿ ಬೆಂಗಾಜಿ ಉಳಿಯಿತು. ನಿರ್ಣಯದ ಅಕ್ಷರಾರ್ಥದ ಕೆಲಸ ಅಲ್ಲಿಗೆ ಬಹುಮಟ್ಟಿಗೆ ಆಗಿತ್ತು. ಆಫ್ರಿಕನ್ ಒಕ್ಕೂಟ ಏಪ್ರಿಲ್‌ನಲ್ಲಿ ಕದನವಿರಾಮದ ಸೂತ್ರ ಹಿಡಿದು ಬಂತು. ಗಡಾಫಿ ಒಪ್ಪಿದ, ಬಂಡುಕೋರರು ಒಪ್ಪಲಿಲ್ಲ. ಗಡಾಫಿ ಇರುವವರೆಗೂ ನಾಗರಿಕರಿಗೆ ರಕ್ಷಣೆ ಇಲ್ಲ ಎಂದು ನ್ಯಾಟೊ ದೇಶಗಳು ವಾದಿಸಿದವು. ನಾಗರಿಕರನ್ನು ಕಾಪಾಡುವ ಕೆಲಸ ಹೀಗೆ ನಿಧಾನವಾಗಿ ಸರ್ಕಾರ ಬದಲಿಸುವ ಕೆಲಸವಾಯಿತು. ಅಕ್ಟೋಬರ್ 31ಕ್ಕೆ ಕಾರ್ಯಾಚರಣೆ ಮುಗಿಯುವಾಗ ನ್ಯಾಟೊ ವಿಮಾನಗಳ ಹಾರಾಟ 26,500 ದಾಟಿತ್ತು. ಅದರಲ್ಲಿ 9,700ಕ್ಕೂ ಹೆಚ್ಚು ದಾಳಿಯ ಹಾರಾಟಗಳು. ಅಕ್ಟೋಬರ್ 20ರಂದು ಸಿರ್ತ್ ನಗರದಿಂದ ತಪ್ಪಿಸಿಕೊಳ್ಳುತ್ತಿದ್ದ ಗಡಾಫಿಯ ವಾಹನಗಳ ಸಾಲಿನ ಮೇಲೆ ನ್ಯಾಟೊ ವಿಮಾನ ದಾಳಿ ಮಾಡಿತು. ಮೋರಿಯ ಕೊಳವೆಯಲ್ಲಿ ಅಡಗಿದ್ದವನನ್ನು ಬಂಡುಕೋರರು ಎಳೆದು ಕೊಂದರು.

ಆಮೇಲಿನದು ಯಾರ ಯೋಜನೆಯಲ್ಲೂ ಇರಲಿಲ್ಲ. ನೂರಾರು ಸಶಸ್ತ್ರ ಗುಂಪುಗಳು ಬಂದೂಕು ಕೆಳಗಿಡಲಿಲ್ಲ. ಗಡಾಫಿಯ ಉಗ್ರಾಣಗಳ ಶಸ್ತ್ರ ಮರುಭೂಮಿ ದಾಟಿತು, ಅವನ ಬಳಿ ಕೂಲಿಗಿದ್ದ ತುವಾರೆಗ್ ಹೋರಾಟಗಾರರು ಅದರೊಂದಿಗೆ ಮಾಲಿಗೆ ಮರಳಿದರು. 2012ರಲ್ಲಿ ಮಾಲಿ ಒಡೆಯಿತು. ಫ್ರಾನ್ಸ್ ಅಲ್ಲಿಗೆ ಹೋಗಬೇಕಾಗಿ ಬಂದದ್ದು ಅದರಿಂದಲೇ. ಒಂದು ಮಧ್ಯಪ್ರವೇಶ ಇನ್ನೊಂದನ್ನು ಹಡೆಯಿತು. 2014ರ ಬಳಿಕ ಲಿಬಿಯಾ ಎರಡು ಸರ್ಕಾರಗಳಾಗಿ ಸೀಳಿಹೋಯಿತು. 2019ರ ಏಪ್ರಿಲ್‌ನಲ್ಲಿ ಪೂರ್ವದ ಖಲೀಫಾ ಹಫ್ತಾರ್ ಟ್ರಿಪೋಲಿಗೆ ಮುತ್ತಿಗೆ ಹಾಕಿದಾಗ ಅವನ ಬೆನ್ನಿಗೆ ಎಮಿರೇಟ್ಸ್, ಈಜಿಪ್ಟ್, ವಾಗ್ನರ್ ಪಡೆ ನಿಂತವು; ಟ್ರಿಪೋಲಿಯ ಕೋರಿಕೆಯ ಮೇಲೆ ಟರ್ಕಿ ಡ್ರೋನು, ಸೈನಿಕರೊಂದಿಗೆ ಇಳಿಯಿತು. 2020ರ ಅಕ್ಟೋಬರ್‌ನಲ್ಲಷ್ಟೇ ಕದನವಿರಾಮವಾಯಿತು.

ಗಡಾಫಿ ಸತ್ತ ಸಿರ್ತ್ 2015ರಲ್ಲಿ ಐಎಸ್ ಕೈಗೆ ಬಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ನಾಲ್ವರು ಭಾರತೀಯರನ್ನು ಆ ಜುಲೈನಲ್ಲಿ ಅಪಹರಿಸಿದರು. ಅವರಲ್ಲಿ ಇಬ್ಬರು ಕರ್ನಾಟಕದವರು. ಅವರಿಬ್ಬರು ಎರಡು ದಿನಗಳಲ್ಲಿ ಬಿಡುಗಡೆಯಾದರು. ಆಂಧ್ರ ಮತ್ತು ತೆಲಂಗಾಣದ ಇನ್ನಿಬ್ಬರು ಬರಲು ಮರುವರ್ಷದ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

2016ರಲ್ಲಿ ಬ್ರಿಟನ್ ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸಮಿತಿ ತನ್ನ ಸರ್ಕಾರಕ್ಕೇ ಛೀಮಾರಿ ಹಾಕಿತು. ನಾಗರಿಕರಿಗಿದ್ದ ಅಪಾಯವನ್ನು ಸರಿಯಾಗಿ ತೂಗಲಿಲ್ಲ, ಬಂಡುಕೋರರಲ್ಲಿ ಉಗ್ರಗಾಮಿಗಳಿದ್ದುದನ್ನು ಗಮನಿಸಲಿಲ್ಲ, ಸೀಮಿತ ಉದ್ದೇಶ ಸರ್ಕಾರ ಬದಲಾವಣೆಯತ್ತ ಜಾರಿತು, ಮುಂದೇನೆಂಬ ಯೋಜನೆ ಇರಲಿಲ್ಲ ಎಂಬುದು ಅದರ ಸಾರ. ಅಧ್ಯಕ್ಷ ಒಬಾಮಾ ಕೂಡ, ಗಡಾಫಿ ಹೋದ ಮೇಲಿನ ದಿನಕ್ಕೆ ಸಿದ್ಧತೆ ಮಾಡದಿದ್ದುದು ಬಹುಶಃ ತನ್ನ ಅತಿ ದೊಡ್ಡ ತಪ್ಪು ಎಂದು ಆ ವರ್ಷವೇ ಒಪ್ಪಿಕೊಂಡರು.

ಸಿರಿಯಾ: ಎಲ್ಲರೂ ಇಳಿದಾಗ

ಲಿಬಿಯಾದ ಬೆಲೆ ತೆತ್ತದ್ದು ಸಿರಿಯಾ. ಮೋಸ ಹೋದೆವೆಂದು ಭಾವಿಸಿದ ರಷ್ಯಾ, ಚೀನಾಗಳು 2011ರ ಅಕ್ಟೋಬರ್‌ನಿಂದಲೇ ಸಿರಿಯಾ ಕುರಿತ ನಿರ್ಣಯಗಳಿಗೆ ವಿಟೊ ಹಾಕತೊಡಗಿದವು. 2013ರ ಆಗಸ್ಟ್ 21ರಂದು ಡಮಾಸ್ಕಸ್ ಬಳಿಯ ಘೌಟಾದಲ್ಲಿ ರಾಸಾಯನಿಕ ಅಸ್ತ್ರದಿಂದ ನೂರಾರು ಜನ ಸತ್ತರು. ಅದು ದಾಟಬಾರದ ಗೆರೆ ಎಂದು ಒಬಾಮಾ ಹಿಂದಿನ ವರ್ಷವೇ ಎಚ್ಚರಿಸಿದ್ದರು. ಆದರೆ ಆಗಸ್ಟ್ 29ರಂದು ಬ್ರಿಟನ್ನಿನ ಕೆಳಮನೆ ಸೇನಾ ಕ್ರಮದ ಪ್ರಸ್ತಾವವನ್ನು 285–272 ಮತಗಳಿಂದ ತಳ್ಳಿಹಾಕಿತು. ಒಬಾಮಾ ಕಾಂಗ್ರೆಸ್ಸಿನ ಒಪ್ಪಿಗೆ ಕೇಳಲು ಹೊರಟರು. ಅಲ್ಲೂ ಮತ ಸಿಗುವ ಸೂಚನೆ ಇರಲಿಲ್ಲ. ಕೊನೆಗೆ ರಷ್ಯಾದ ಜೊತೆ ಮಾತುಕತೆಯಾಗಿ, ಸಿರಿಯಾ ರಾಸಾಯನಿಕ ಅಸ್ತ್ರ ಒಪ್ಪಿಸಲು ಒಪ್ಪಿತು.

ಇಲ್ಲಿ ಗಮನಿಸಬೇಕಾದದ್ದು ಮನೆಯೊಳಗಿನ ಮತ. ಅಮೆರಿಕದಲ್ಲಿ 1973ರ ಯುದ್ಧಾಧಿಕಾರ ಕಾಯ್ದೆಯ ಪ್ರಕಾರ, ಕಾಂಗ್ರೆಸ್ ಒಪ್ಪದಿದ್ದರೆ ಅಧ್ಯಕ್ಷರು 60 ದಿನಗಳಲ್ಲಿ ಸೇನಾ ಕಾರ್ಯಾಚರಣೆ ನಿಲ್ಲಿಸಲು ಮುಂದಾಗಬೇಕು. ಲಿಬಿಯಾದಲ್ಲಿ 60 ದಿನ ಮೀರಿದಾಗ, ನಮ್ಮ ಪಾತ್ರ ಸೀಮಿತವಾದದ್ದು, ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸರ್ಕಾರ ಜಾರಿಕೊಂಡಿತು. ಭಾರತದ ಸಂವಿಧಾನದಲ್ಲಿ ಸೇನೆಯನ್ನು ಹೊರಗೆ ಕಳಿಸುವ ಮುನ್ನ ಸಂಸತ್ತಿನ ಮತ ಪಡೆಯಬೇಕೆಂಬ ಕಡ್ಡಾಯವಿಲ್ಲ. ಸಂಪುಟ ನಿರ್ಧರಿಸಿದರೆ ಸಾಕು.

ಸಿರಿಯಾದಲ್ಲಿ ಒಂದು ಹಂತದಲ್ಲಿ ರಷ್ಯಾ, ಅಮೆರಿಕ, ಟರ್ಕಿ, ಇರಾನ್, ಲೆಬನಾನಿನ ಹಿಜ್ಬುಲ್ಲಾ ಎಲ್ಲರೂ ಒಂದೇ ನೆಲದಲ್ಲಿದ್ದರು. ಇಸ್ರೇಲಿನ ವಿಮಾನಗಳೂ ಬಂದುಹೋಗುತ್ತಿದ್ದವು. ಅಮೆರಿಕ ಮತ್ತು ರಷ್ಯಾದ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗದಿರಲೆಂದು ಎರಡೂ ಸೇನೆಗಳ ನಡುವೆ 2015ರಲ್ಲಿ ನೇರ ಫೋನ್ ಸಂಪರ್ಕ ಏರ್ಪಟ್ಟಿತು. ಆದರೂ ಆ ನವೆಂಬರ್‌ನಲ್ಲಿ ಟರ್ಕಿ ರಷ್ಯಾದ ಯುದ್ಧವಿಮಾನವೊಂದನ್ನು ಹೊಡೆದುರುಳಿಸಿತು. ಸೋಲುವ ಪಕ್ಷಕ್ಕೆ ಯಾರೋ ಒಬ್ಬರು ಶಸ್ತ್ರ ತುಂಬುತ್ತಿದ್ದರಿಂದ ಯಾರಿಗೂ ಸೋತು ಮಾತುಕತೆಗೆ ಬರುವ ಅನಿವಾರ್ಯತೆ ಇರಲಿಲ್ಲ. ಎರಡೂ ಕಡೆಗೆ ಹೊರಗಿನ ಬೆಂಬಲವಿದ್ದ ಅಂತರ್ಯುದ್ಧ ಲಂಬಿಸುವುದು ಇದೇ ಕಾರಣಕ್ಕೆ. 2011ರಿಂದ 2021ರವರೆಗಿನ ಹತ್ತು ವರ್ಷಗಳಲ್ಲಿ ಸಿರಿಯಾದಲ್ಲಿ ಸತ್ತ ನಾಗರಿಕರೇ ಮೂರು ಲಕ್ಷಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆ ಅಂದಾಜಿಸಿದೆ. ರಷ್ಯಾ, ಇರಾನ್‌ಗಳ ಕೈ ಬೇರೆಡೆ ಸಿಕ್ಕಿಕೊಂಡಾಗ, 2024ರ ಡಿಸೆಂಬರ್ 8ರಂದು ಅಸಾದ್ ಆಡಳಿತ ಬಿದ್ದೇಹೋಯಿತು. ಹೊರಗಿನ ಊರುಗೋಲಿನ ಮೇಲೆ ನಿಂತದ್ದು ಊರುಗೋಲು ಇರುವವರೆಗೆ ಮಾತ್ರ.

ನಮ್ಮದೇ ಎರಡು ಪಾಠ

ಭಾರತ ಎರಡೂ ಬಗೆಯ ಫಲವನ್ನು ಕಂಡಿದೆ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ನಡೆದ ದಮನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದರು. ಡಿಸೆಂಬರ್ 3ರಂದು ಪಾಕಿಸ್ತಾನ ಭಾರತದ ವಾಯುನೆಲೆಗಳ ಮೇಲೆ ದಾಳಿ ಮಾಡಿದ ಬಳಿಕ ಯುದ್ಧ ಬಹಿರಂಗವಾಯಿತು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ ಕದನವಿರಾಮ ಮತ್ತು ಸೇನಾ ವಾಪಸಾತಿ ಕೇಳಿ 104–11 ಮತಗಳಿಂದ ನಿರ್ಣಯ ಮಾಡಿತು. ಲೋಕ ಅಂದು ನಮ್ಮ ಜೊತೆ ಇರಲಿಲ್ಲ. ಆದರೂ ಮಾಡಿದ ಕೆಲಸ ಗಟ್ಟಿಯಾಗಿ ನಿಂತಿತು. ಕಾರಣ, ಅಧಿಕಾರ ವಹಿಸಿಕೊಳ್ಳಲು 1970ರ ಚುನಾವಣೆ ಗೆದ್ದ ಪಕ್ಷ ಅಲ್ಲಿತ್ತು, ಜನ ಅದರ ಹಿಂದಿದ್ದರು, ಮತ್ತು ಡಿಸೆಂಬರ್ 16ರ ಶರಣಾಗತಿಯ ಮೂರು ತಿಂಗಳಲ್ಲಿ, 1972ರ ಮಾರ್ಚ್‌ನಲ್ಲಿ, ನಮ್ಮ ಸೇನೆ ವಾಪಸಾಯಿತು.

ಎರಡನೆಯದಕ್ಕೆ ಬೆಂಗಳೂರಿನ ನಂಟಿದೆ. 1987ರ ಜೂನ್‌ನಲ್ಲಿ ಶ್ರೀಲಂಕಾ ಸೇನೆ ತಮಿಳು ಬಂಡುಕೋರರ ಹಿಡಿತದಲ್ಲಿದ್ದ ಜಾಫ್ನಾ ಪ್ರದೇಶವನ್ನು ಸುತ್ತುವರಿದಿತ್ತು. ಭಾರತ ದೋಣಿಗಳಲ್ಲಿ ಕಳಿಸಿದ ಪರಿಹಾರ ಸಾಮಗ್ರಿಯನ್ನು ಲಂಕಾ ನೌಕಾಪಡೆ ತಡೆದು ಹಿಂದಕ್ಕಟ್ಟಿತು. ಮರುದಿನ, ಜೂನ್ 4ರಂದು, ಬೆಂಗಳೂರಿನಿಂದ ಹೊರಟ ಐದು ಎಎನ್–32 ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಬೆಂಗಾವಲಿನಲ್ಲಿ ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿಯನ್ನು ಪ್ಯಾರಾಚೂಟ್ ಕಟ್ಟಿ ಇಳಿಸಿದವು. ಕೊಲಂಬೊಗೆ ಸಂದೇಶ ಅರ್ಥವಾಯಿತು. ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಭಾರತೀಯ ಶಾಂತಿಪಾಲನಾ ಪಡೆ ಲಂಕೆಗಿಳಿಯಿತು. ಸರ್ಕಾರದ ಆಹ್ವಾನವಿತ್ತು, ಕಾನೂನಿನ ಬಾಗಿಲು ತೆರೆದೇ ಇತ್ತು.

ತಮಿಳರನ್ನು ಕಾಪಾಡಲು, ಹೋರಾಟಗಾರರ ಶಸ್ತ್ರ ಇಳಿಸಿಕೊಳ್ಳಲು ಹೋದ ಪಡೆ, ಅಕ್ಟೋಬರ್ ಹೊತ್ತಿಗೆ ಆ ಹೋರಾಟಗಾರರಲ್ಲೇ ಪ್ರಬಲವಾಗಿದ್ದ ಎಲ್‌ಟಿಟಿಇ ಜೊತೆಯೇ ಯುದ್ಧಕ್ಕಿಳಿಯಬೇಕಾಯಿತು. ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್‌ಟಿಟಿಇ ನಾಯಕರನ್ನು ಹಿಡಿಯಲು ಅಕ್ಟೋಬರ್ 11ರ ರಾತ್ರಿ ಹೆಲಿಕಾಪ್ಟರಿನಿಂದ ಇಳಿಸಿದ 13ನೇ ಸಿಖ್ ಲಘು ಪದಾತಿ ದಳದ 30 ಸೈನಿಕರಲ್ಲಿ ಬದುಕುಳಿದು ಸೆರೆ ಸಿಕ್ಕವರು ಒಬ್ಬರೇ. ಎರಡೂವರೆ ವರ್ಷಗಳಲ್ಲಿ ಸುಮಾರು 1,200 ಯೋಧರು ಪ್ರಾಣ ತೆತ್ತರು. ಲಂಕೆಯಲ್ಲಿ ಜಯವರ್ಧನೆಯವರ ಬಳಿಕ ಅಧ್ಯಕ್ಷರಾದ ಪ್ರೇಮದಾಸ, ಹೊರಡಿ ಎಂದರು. ಭಾರತದ ಪಡೆಯ ವಿರುದ್ಧ ಬಳಸಲು ಎಲ್‌ಟಿಟಿಇಗೇ ಶಸ್ತ್ರ ಕೊಟ್ಟರು. 1990ರ ಮಾರ್ಚ್ 24ರಂದು ಕೊನೆಯ ತಂಡ ಮರಳಿತು. ಮರುವರ್ಷ ಮೇ 21ರಂದು ಎಲ್‌ಟಿಟಿಇ ಕೈಯಲ್ಲೇ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅಲ್ಲಿ ಕೈ ಸುಟ್ಟುಕೊಂಡ ನೆನಪು ದೆಹಲಿಯ ಮುಂದಿನ ಸರ್ಕಾರಗಳನ್ನು ಎಚ್ಚರದಲ್ಲಿಟ್ಟಿದೆ. 2011ರಲ್ಲಿ ಭಾರತ ಲಿಬಿಯಾಕ್ಕೆ ಕಳಿಸಿದ್ದು ಐಎನ್‌ಎಸ್ ಮೈಸೂರು, ಐಎನ್‌ಎಸ್ ಜಲಾಶ್ವದಂಥ ನೌಕೆಗಳನ್ನು, ತನ್ನವರನ್ನು ಕರೆತರುವುದಕ್ಕೆ. 15,000ಕ್ಕೂ ಹೆಚ್ಚು ಭಾರತೀಯರು ವಿಮಾನ, ಹಡಗುಗಳಲ್ಲಿ ಮನೆ ಸೇರಿದರು.

ಮುಂದಿನ ಸುದ್ದಿ ಓದುವಾಗ

ಬಾಂಗ್ಲಾದೇಶಕ್ಕೂ ಲಿಬಿಯಾಕ್ಕೂ ಇರುವ ವ್ಯತ್ಯಾಸವನ್ನು ಕಾನೂನಿನ ಪುಸ್ತಕ ಹೇಳುವುದಿಲ್ಲ. ಕಾಗದದ ಮೇಲೆ ಲಿಬಿಯಾದ ಕಾರ್ಯಾಚರಣೆಗೆ ಗಟ್ಟಿ ಅನುಮತಿ ಇತ್ತು, 1971ರಲ್ಲಿ ಮಹಾಸಭೆಯೇ ನಮ್ಮ ವಿರುದ್ಧವಿತ್ತು. ಶ್ರೀಲಂಕಾದಲ್ಲಿ ಆಹ್ವಾನಪತ್ರವೇ ಕೈಯಲ್ಲಿತ್ತು. ಅನುಮತಿ ಬೇಡವೆಂದಲ್ಲ, ಅದಿಲ್ಲದಿದ್ದರೆ ಬಲಿಷ್ಠನ ಮಾತೇ ಕಾನೂನಾಗುತ್ತದೆ. ಆದರೆ ಅನುಮತಿ ಒಳಹೋಗುವ ಹಕ್ಕು ಕೊಡುತ್ತದೆ, ಗೆಲ್ಲುವ ದಾರಿ ತೋರಿಸುವುದಿಲ್ಲ.

ಹಾಗಾಗಿ ಇನ್ನೊಂದು ದೇಶದ ಅಂತರ್ಯುದ್ಧಕ್ಕೆ ಯಾರೋ ಸೇನೆ ಕಳಿಸುತ್ತಾರೆಂಬ ಸುದ್ದಿ ಬಂದಾಗ ಐದು ಪ್ರಶ್ನೆ ಹಾಕಿಕೊಳ್ಳಿ. ಯಾವ ಬಾಗಿಲಿನಿಂದ ಹೋಗುತ್ತಿದ್ದಾರೆ: ಮಂಡಳಿಯ ಅನುಮತಿಯೋ, ಆಹ್ವಾನವೋ, ಆತ್ಮರಕ್ಷಣೆಯೋ? ಕರೆದವರಿಗೆ ಕರೆಯುವ ಅಧಿಕಾರವಿದೆಯೇ? ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದಾರೆಯೇ, ಅದು ಈಡೇರಿದೆಯೆಂದು ಗೊತ್ತಾಗುವುದು ಹೇಗೆ? ಎದುರು ಪಕ್ಷದ ಬೆನ್ನಿಗೆ ಇನ್ನೊಂದು ದೊಡ್ಡ ಶಕ್ತಿ ನಿಂತಿದೆಯೇ? ಸೇನೆ ಹಿಂದಿರುಗಿದ ಬೆಳಿಗ್ಗೆ ಆ ಊರಿನ ಠಾಣೆ, ಕೋರ್ಟು, ಸಂಬಳ ನೋಡಿಕೊಳ್ಳುವವರು ಯಾರು?

ರುವಾಂಡಾದಂಥ ಹೊತ್ತಿನಲ್ಲಿ ಹೋಗದಿರುವುದು ಪಾಪ, ನಿಜ. ಆದರೆ ಐದನೇ ಪ್ರಶ್ನೆಗೆ ಉತ್ತರವಿಲ್ಲದೆ ಹೊರಡುವ ಸರ್ಕಾರ ಯಾವುದೇ ಆಗಿರಲಿ, ಅದಕ್ಕೆ ಜನ ಹೂಂ ಎನ್ನಬಾರದು.